ನಾಲಿಗೆಗೆ ಸಕ್ಕರೆ ಸೋಕಿದ ಮೊದಲ ನಾಲ್ಕು ನಿಮಿಷ

ಸಿಹಿ ಕಂಡರೆ ಬಾಯಲ್ಲಿ ನೀರೂರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಅದೇ ಹೊತ್ತಿಗೆ ಹೊಟ್ಟೆಯ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯಿಂದ ಒಂದಿಷ್ಟು ಇನ್ಸುಲಿನ್ ಕೂಡ ರಕ್ತಕ್ಕೆ ಇಳಿಯುತ್ತದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಸಕ್ಕರೆ ಇನ್ನೂ ಬಾಯಲ್ಲೇ ಇದೆ. ಗಂಟಲು ದಾಟಿಲ್ಲ, ಕರುಳು ಮುಟ್ಟಿಲ್ಲ. ರಕ್ತದಲ್ಲಿ ಗ್ಲುಕೋಸ್ ಒಂದು ಚೂರೂ ಏರಿಲ್ಲ. ಆದರೂ ಇನ್ಸುಲಿನ್ ಹೊರಟಾಗಿದೆ.

ಇದಕ್ಕೆ ವೈದ್ಯವಿಜ್ಞಾನದಲ್ಲಿ ಸೆಫಾಲಿಕ್ ಫೇಸ್ ಇನ್ಸುಲಿನ್ ಬಿಡುಗಡೆ ಅಂತ ಹೆಸರು. ಹೆಸರು ಉದ್ದ, ನಾನು ಇಲ್ಲಿ ಅದನ್ನು "ಮುಂಗಡ ಇನ್ಸುಲಿನ್" ಅಂತಲೇ ಕರೆಯುತ್ತೇನೆ. ಈ ವಿಷಯದ ಬಗ್ಗೆ ಎರಡು ಥರದ ಮಾತು ಜಾಸ್ತಿ ಕೇಳಿಬರುತ್ತವೆ. ಒಂದು ಕಡೆಯವರು, ಸಿಹಿ ರುಚಿ ನಾಲಿಗೆಗೆ ತಗುಲಿದರೆ ಸಾಕು ಇನ್ಸುಲಿನ್ ಧುಮುಕಿ ಬರುತ್ತದೆ, ಹಾಗಾಗಿ ಸಕ್ಕರೆ ಇಲ್ಲದ ಸಿಹಿ ಪಾನೀಯವೂ ಅಷ್ಟೇ ಅಪಾಯ ಅಂತ ಹೆದರಿಸುತ್ತಾರೆ. ಇನ್ನೊಂದು ಕಡೆಯವರು, ಅಯ್ಯೋ ಅದು ಇಷ್ಟೇ ಇಷ್ಟು, ಲೆಕ್ಕಕ್ಕೇ ಇಲ್ಲ ಅಂತ ತಳ್ಳಿಹಾಕುತ್ತಾರೆ. ಎರಡೂ ಸರಿಯಿಲ್ಲ ಅಂತ ನನ್ನ ಅನಿಸಿಕೆ. ನಮ್ಮ ಮನೆಯಲ್ಲಿ ಶುಗರ್ ಇರುವವರು ಇದ್ದಾರೆ, ಹಾಗಾಗಿ ಇನ್ಸುಲಿನ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಅಭ್ಯಾಸ ಆಗಿಬಿಟ್ಟಿದೆ, ಮತ್ತು ಓದಿದಷ್ಟೂ ನನಗೆ ಒಂದು ವಿಷಯ ಗಟ್ಟಿಯಾಗುತ್ತಾ ಬಂದಿದೆ: ಈ ಮುಂಗಡ ಇನ್ಸುಲಿನ್‌ನ ಬೆಲೆ ಅದು ಎಷ್ಟು ಬರುತ್ತದೆ ಅನ್ನೋದರಲ್ಲಿ ಇಲ್ಲ, ಯಾವಾಗ ಬರುತ್ತದೆ ಅನ್ನೋದರಲ್ಲಿದೆ.

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಆರೋಗ್ಯವಾಗಿರುವ ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಪ್ರತಿ 100 ಮಿಲಿಲೀಟರ್‌ಗೆ 90 ಮಿಲಿಗ್ರಾಂ ಗ್ಲುಕೋಸ್ ಅಂತ ಹಿಡಿದರೆ, ಪೂರ್ತಿ ರಕ್ತದಲ್ಲಿ ಇರುವ ಗ್ಲುಕೋಸ್ ನಾಲ್ಕೂವರೆ ಗ್ರಾಂ. ಅಂದರೆ ಒಂದು ಟೀ ಚಮಚ. ಇಡೀ ರಕ್ತದಲ್ಲಿ ಅಷ್ಟೇ! ಒಂದು ಕ್ಯಾನ್ ಸಿಹಿ ಪಾನೀಯದಲ್ಲಿ 30 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತದೆ. ಲ್ಯಾಬಿನಲ್ಲಿ ಗ್ಲುಕೋಸ್ ಟಾಲರೆನ್ಸ್ ಟೆಸ್ಟ್ ಮಾಡುವಾಗ ಕುಡಿಸುವುದು 75 ಗ್ರಾಂ. ರಕ್ತದಲ್ಲಿ ಇರುವುದಕ್ಕಿಂತ ಹದಿನಾರು ಪಟ್ಟು ಗ್ಲುಕೋಸ್ ಒಂದೇ ಸಲಕ್ಕೆ ಹೊಟ್ಟೆಗೆ ಹೋಗುತ್ತದೆ, ಆದರೂ ಆರೋಗ್ಯವಂತರ ರಕ್ತದಲ್ಲಿ ಅದರ ಮಟ್ಟ ಎರಡು ಪಟ್ಟು ಕೂಡ ಆಗದೆ ಎರಡು ಗಂಟೆಯೊಳಗೆ ಹತೋಟಿಗೆ ಬರುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಆಶ್ಚರ್ಯ ಆಗುತ್ತದೆ. ಇಷ್ಟು ಚೆನ್ನಾಗಿ ಸಂಭಾಳಿಸಬೇಕಾದರೆ ದೇಹ ಗ್ಲುಕೋಸ್ ಏರಿದ ಮೇಲೆ ಎಚ್ಚೆತ್ತರೆ ಸಾಲದು. ನೆಂಟರು ಬಾಗಿಲಿಗೆ ಬರುವ ಮುಂಚೆಯೇ ಒಲೆ ಹಚ್ಚಿರಬೇಕು.

ಈ "ಮುಂಚೆಯೇ" ಅನ್ನುವ ವಿಚಾರ ಹೊಸದೇನಲ್ಲ. ರಷ್ಯಾದ ಇವಾನ್ ಪಾವ್ಲೋವ್ ಅಂದರೆ ನಮಗೆ ನೆನಪಾಗುವುದು ನಾಯಿ ಮತ್ತು ಜೊಲ್ಲು. ಆದರೆ 1904ರಲ್ಲಿ ಅವರಿಗೆ ನೊಬೆಲ್ ಬಂದಿದ್ದು ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ. ಅವರು ನಾಯಿಯ ಅನ್ನನಾಳವನ್ನು ಕುತ್ತಿಗೆಯ ಹತ್ತಿರ ಹೊರಕ್ಕೆ ತೆರೆಯುವಂತೆ ಶಸ್ತ್ರಚಿಕಿತ್ಸೆ ಮಾಡಿದ್ದರು. ನಾಯಿ ತಿನ್ನುತ್ತದೆ, ನುಂಗುತ್ತದೆ, ತಿಂದದ್ದು ಹೊಟ್ಟೆಗೆ ಹೋಗದೆ ಹೊರಗೆ ಬೀಳುತ್ತದೆ. ಹಾಗಿದ್ದರೂ ಖಾಲಿ ಹೊಟ್ಟೆಯಲ್ಲಿ ಜಠರರಸ ಸುರಿಯುತ್ತಿತ್ತು. ಮೆದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರವನ್ನು ಕತ್ತರಿಸಿದರೆ ಆ ರಸ ನಿಂತುಹೋಗುತ್ತಿತ್ತು. ಬಾಯಿಗೂ ಹೊಟ್ಟೆಗೂ ನಡುವೆ ಮೆದುಳಿನ ಮೂಲಕ ಒಂದು ತಂತಿ ಇದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಪಾವ್ಲೋವ್‌ಗೆ ನೊಬೆಲ್ ಬರುವ ಎರಡು ವರ್ಷ ಮುಂಚೆ, 1902ರಲ್ಲಿ, ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಸೆಕ್ರೆಟಿನ್ ಅನ್ನುವ ಹಾರ್ಮೋನನ್ನು ಕಂಡುಹಿಡಿದರು, ಎಲ್ಲರ ಗಮನ ನರಗಳಿಂದ ಹಾರ್ಮೋನುಗಳ ಕಡೆ ಹೊರಳಿತು. 1921ರಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ ಸಿಕ್ಕಿತು. ಆದರೆ ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಅಂತ ನಿಖರವಾಗಿ ಅಳೆಯುವುದಕ್ಕೆ 1960ರವರೆಗೆ ಕಾಯಬೇಕಾಯಿತು. ಆ ವರ್ಷ ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ರೇಡಿಯೊಇಮ್ಯುನೊ ಅಸೇ ವಿಧಾನವನ್ನು ಪ್ರಕಟಿಸಿದರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು, ಅಷ್ಟೊತ್ತಿಗೆ ಬರ್ಸನ್ ತೀರಿಕೊಂಡಿದ್ದರು. ಆ ವಿಧಾನ ಇಲ್ಲದೇ ಇದ್ದಿದ್ದರೆ ಮುಂಗಡ ಇನ್ಸುಲಿನ್ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಯಾಕೆಂದರೆ ಅದು ಬರುವುದು ಕೆಲವೇ ನಿಮಿಷ, ಬರುವುದೂ ಸ್ವಲ್ಪವೇ.

ಇದನ್ನು ಮನುಷ್ಯರಲ್ಲಿ ಹೇಗೆ ಅಳೆಯುತ್ತಾರೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ರಾತ್ರಿಯಿಡೀ ಏನೂ ತಿನ್ನದೆ ಬಂದವರನ್ನು ಕೂರಿಸಿ ಕೈಯ ರಕ್ತನಾಳಕ್ಕೆ ಒಂದು ತೆಳು ಕೊಳವೆ ಹಾಕುತ್ತಾರೆ. ಸೂಜಿ ಚುಚ್ಚಿದ ಗಾಬರಿ ಇಳಿಯುವವರೆಗೆ ಸುಮ್ನೆ ಕಾಯಬೇಕು. ಗಾಬರಿಯಾದಾಗ ಮೇಲೇಳುವ ಅಡ್ರಿನಲಿನ್ ಥರದ ಹಾರ್ಮೋನುಗಳು ಇನ್ಸುಲಿನ್‌ಗೆ ಅಡ್ಡಗಾಲು ಹಾಕುತ್ತವೆ, ಅದಕ್ಕೇ. ನಂತರ ಎರಡು ಮೂರು ಸಲ ರಕ್ತ ತೆಗೆದು ಅವರ ಮಾಮೂಲಿ ಮಟ್ಟ ಎಷ್ಟು ಅಂತ ಬರೆದುಕೊಳ್ಳುತ್ತಾರೆ. ಈಗ ತಿಂಡಿ ಕೊಡುತ್ತಾರೆ. ಬಾಯಿಗಿಟ್ಟು ಚೆನ್ನಾಗಿ ಅಗಿಯಬೇಕು, ಆದರೆ ನುಂಗುವ ಹಾಗಿಲ್ಲ, ಪಾತ್ರೆಗೆ ಉಗಿಯಬೇಕು. ಒಂದೆರಡು ನಿಮಿಷಕ್ಕೊಮ್ಮೆ ಕೊಳವೆಯಿಂದ ರಕ್ತ ತೆಗೆಯುತ್ತಾ ಹೋಗುತ್ತಾರೆ. ಸುಮಾರು ಎರಡನೇ ನಿಮಿಷಕ್ಕೆ ಇನ್ಸುಲಿನ್ ಮೇಲೇಳಲು ಶುರುವಾಗುತ್ತದೆ. ನಾಲ್ಕನೇ ನಿಮಿಷದ ಹೊತ್ತಿಗೆ ಅದರ ತುದಿ. ಎಂಟರಿಂದ ಹತ್ತು ನಿಮಿಷದಲ್ಲಿ ಮತ್ತೆ ಮೊದಲಿನ ಮಟ್ಟ. ಈ ಪೂರ್ತಿ ಅವಧಿಯಲ್ಲಿ ಗ್ಲುಕೋಸ್ ಏರಿರುವುದೇ ಇಲ್ಲ. ಊಟ ಮುಗಿದ ಮೇಲೆ ಬರುವ ಒಟ್ಟು ಇನ್ಸುಲಿನ್‌ಗೆ ಹೋಲಿಸಿದರೆ ಇದು ನೂರಕ್ಕೆ ಒಂದು ಪಾಲಿನ ಆಸುಪಾಸು. ಅಷ್ಟು ಸಣ್ಣದು. ಕೆಲವರಲ್ಲಿ ಚೆನ್ನಾಗಿ ಕಾಣುತ್ತದೆ, ಕೆಲವರಲ್ಲಿ ಕಾಣುವುದೇ ಇಲ್ಲ.

ಇನ್ಸುಲಿನ್ ಒಂದೇ ಅಲ್ಲ, ಇದೇ ಹೊತ್ತಿನಲ್ಲಿ ಪ್ಯಾಂಕ್ರಿಯಾಟಿಕ್ ಪಾಲಿಪೆಪ್ಟೈಡ್ ಅನ್ನುವ ಇನ್ನೊಂದು ಹಾರ್ಮೋನು ಕೂಡ ಏರುತ್ತದೆ. ಅದು ವೇಗಸ್ ನರ ಹೇಳಿದ ಹಾಗೆ ಕುಣಿಯುವ ಹಾರ್ಮೋನು. ಹಾಗಾಗಿ ಸಂಶೋಧಕರಿಗೆ ಅದೊಂದು ಒಳ್ಳೆ ಗುರುತು: ಅದು ಏರಿದೆ ಅಂದರೆ ಬಾಯಿಂದ ಹೊರಟ ಸುದ್ದಿ ಗ್ರಂಥಿಗೆ ಮುಟ್ಟಿದೆ ಅಂತ ಅರ್ಥ.

ಸುದ್ದಿ ಹೋಗುವ ದಾರಿ ಹೀಗಿದೆ. ನಾಲಿಗೆಯ ರುಚಿಮೊಗ್ಗುಗಳಿಂದ ಮುಖದ ನರ, ನಾಲಿಗೆಯ ಹಿಂಭಾಗದ ನರ, ಗಂಟಲಿನ ಕಡೆಯಿಂದ ವೇಗಸ್, ಈ ಮೂರೂ ಮೆದುಳಿನ ಕಾಂಡದಲ್ಲಿ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಅಲ್ಲಿಂದ ಪಕ್ಕದಲ್ಲೇ ಇರುವ ನರಕೋಶಗಳ ಗುಂಪಿಗೆ ಸುದ್ದಿ ದಾಟುತ್ತದೆ. ಆ ಗುಂಪಿನಿಂದ ಹೊರಡುವ ವೇಗಸ್ ನರದ ಎಳೆಗಳು ಮೇದೋಜೀರಕ ಗ್ರಂಥಿಯವರೆಗೆ ಇಳಿದು, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಹತ್ತಿರ ಅಸೆಟೈಲ್‌ಕೋಲಿನ್ ಸುರಿಸುತ್ತವೆ. ನಾವು "ಆಹಾ, ಸಿಹಿ" ಅಂತ ಅಂದುಕೊಳ್ಳಬೇಕಾದ ಅಗತ್ಯವೂ ಇಲ್ಲ. ಈ ಸುತ್ತು ಮೆದುಳಿನ ತಳದಲ್ಲೇ ಮುಗಿಯಬಲ್ಲದು.

ಈ ದಾರಿ ನಿಜವಾಗಿಯೂ ನರದ್ದೇ ಅಂತ ತೋರಿಸಿದ ಪ್ರಯೋಗಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇಲಿಗಳ ಮೇಲೆ ನಡೆದದ್ದು. ಔಷಧ ಕೊಟ್ಟು ಇಲಿಯ ಬೀಟಾ ಕೋಶಗಳನ್ನು ನಾಶಮಾಡಿ ಸಕ್ಕರೆ ಕಾಯಿಲೆ ಬರಿಸುತ್ತಾರೆ. ಆಮೇಲೆ ಬೇರೆ ಇಲಿಯಿಂದ ತೆಗೆದ ಆರೋಗ್ಯವಂತ ಕೋಶಗಳ ಗುಂಪುಗಳನ್ನು ಅದಕ್ಕೆ ಕಸಿ ಮಾಡುತ್ತಾರೆ. ಕಸಿ ಹಿಡಿಯುತ್ತದೆ, ಖಾಲಿ ಹೊಟ್ಟೆಯ ಶುಗರ್ ಸರಿಹೋಗುತ್ತದೆ, ಗ್ಲುಕೋಸ್ ಏರಿದರೆ ಆ ಕೋಶಗಳು ಇನ್ಸುಲಿನ್ ಬಿಡುತ್ತವೆ. ಎಲ್ಲ ಸರಿ. ಆದರೆ ಇಲಿ ತಿನ್ನಲು ಶುರುಮಾಡಿದ ಮೊದಲ ನಿಮಿಷಗಳ ಆ ಪುಟ್ಟ ಏರಿಕೆ ಮಾತ್ರ ಇಲ್ಲ. ಕಸಿ ಮಾಡಿದ ಕೋಶಗಳಿಗೆ ಮೊದಲಿನ ನರಗಳ ಸಂಪರ್ಕ ಇಲ್ಲವಲ್ಲ, ಬಾಯಲ್ಲಿ ಏನು ನಡೀತಿದೆ ಅಂತ ಅವುಗಳಿಗೆ ಯಾರು ಹೇಳಬೇಕು? ಅಂಥ ಇಲಿಗಳಲ್ಲಿ ಊಟದ ನಂತರ ಗ್ಲುಕೋಸ್ ಬೇಕಾದ್ದಕ್ಕಿಂತ ಜಾಸ್ತಿ ಏರುತ್ತದೆ.

ಮನುಷ್ಯರಲ್ಲಿ ನರ ಕತ್ತರಿಸುವ ಹಾಗಿಲ್ಲ. ಆದರೆ ಔಷಧದಿಂದ ಸ್ವಲ್ಪ ಹೊತ್ತು ಅದರ ಬಾಯಿ ಮುಚ್ಚಿಸಬಹುದು. 2001ರಲ್ಲಿ ಬೋ ಆರೆನ್ ಮತ್ತು ಯೆನ್ಸ್ ಹೋಲ್ಸ್ಟ್ ಪ್ರಕಟಿಸಿದ ಅಧ್ಯಯನದಲ್ಲಿ ಟ್ರೈಮೆಥಾಫಾನ್ ಅನ್ನುವ ಔಷಧ ಕೊಟ್ಟು, ಈ ನರಗಳ ಸುದ್ದಿ ಮಧ್ಯದ ಗಂಟಿನಲ್ಲೇ ನಿಲ್ಲುವಂತೆ ಮಾಡಿ, ಆಮೇಲೆ ಊಟ ಕೊಟ್ಟರು. ಗ್ಲುಕೋಸ್ ಏರುವ ಮುಂಚಿನ ಆ ಆರಂಭದ ಇನ್ಸುಲಿನ್ ಸುಮಾರು ಮುಕ್ಕಾಲು ಪಾಲು ಕಡಿಮೆಯಾಯಿತು. ಅಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಊಟವಾಗಿ 25 ನಿಮಿಷದಿಂದ ಒಂದು ಗಂಟೆಯವರೆಗಿನ ಅವಧಿಯಲ್ಲಿ, ಸಾಮಾನ್ಯವಾಗಿ ಗ್ಲುಕೋಸ್ ಇಳಿಮುಖವಾಗಬೇಕಾದ ಹೊತ್ತಿನಲ್ಲಿ, ಅದು ಸರಿಯಾಗಿ ಇಳಿಯಲಿಲ್ಲ. ಮೊದಲ ಹತ್ತು ನಿಮಿಷದ ಕೊರತೆ ಅರ್ಧ ಗಂಟೆಯ ಮೇಲೆ ಲೆಕ್ಕಕ್ಕೆ ಬಂತು.

ಇದಕ್ಕೂ ಮುಂಚೆ, 1996ರಲ್ಲಿ, ಕ್ಯಾರೆನ್ ಟೆಫ್ ಮತ್ತು ಜೊತೆಗಾರರು ಗ್ಲುಕೋಸನ್ನು ಕೊಳವೆಯ ಮೂಲಕ ನೇರವಾಗಿ ಹೊಟ್ಟೆಗೆ ಬಿಟ್ಟು ನೋಡಿದ್ದರು. ಒಂದು ಸಲ ಬಾಯಿಗೆ ಏನೂ ಕೊಡದೆ, ಇನ್ನೊಂದು ಸಲ ಅದರ ಜೊತೆಗೆ ತಿಂಡಿ ಅಗಿದು ಉಗಿಯಲು ಹೇಳಿ. ಹೊಟ್ಟೆಗೆ ಹೋದ ಗ್ಲುಕೋಸ್ ಎರಡೂ ಸಲ ಒಂದೇ. ಬಾಯಿ ಕೆಲಸ ಮಾಡಿದ ಸಲ ರಕ್ತದ ಗ್ಲುಕೋಸ್ ಚೆನ್ನಾಗಿ ಹತೋಟಿಗೆ ಬಂತು.

ಇಷ್ಟು ಸ್ವಲ್ಪ ಇನ್ಸುಲಿನ್ ಇಷ್ಟು ದೊಡ್ಡ ಕೆಲಸ ಹೇಗೆ ಮಾಡುತ್ತದೆ? ಇಲ್ಲಿ ಲಿವರ್ ಕಡೆ ನೋಡಬೇಕು. ನಾವು ಹಸಿದಿರುವಾಗ ರಕ್ತಕ್ಕೆ ಗ್ಲುಕೋಸ್ ಒದಗಿಸುತ್ತಾ ಇರುವುದು ಮುಖ್ಯವಾಗಿ ಲಿವರ್. ಊಟ ಶುರುವಾದಾಗ ಹೊರಗಿನಿಂದಲೂ ಗ್ಲುಕೋಸ್ ಬರುತ್ತಿದೆ, ಲಿವರ್ ಕೂಡ ಸುರಿಯುತ್ತಲೇ ಇದೆ ಅಂದರೆ ಕಷ್ಟ. ಯಾರಾದರೂ ಅದಕ್ಕೆ ಬೇಗ "ಸಾಕು ನಿಲ್ಲಿಸು" ಅಂತ ಹೇಳಬೇಕು. ಮೇದೋಜೀರಕ ಗ್ರಂಥಿಯಿಂದ ಹೊರಟ ಇನ್ಸುಲಿನ್ ಮೈಯೆಲ್ಲಾ ಸುತ್ತುವ ಮುಂಚೆ ಪೋರ್ಟಲ್ ರಕ್ತನಾಳದ ಮೂಲಕ ನೇರವಾಗಿ ಲಿವರ್‌ಗೇ ಹೋಗುತ್ತದೆ. ಅಲ್ಲೇ ಸುಮಾರು ಅರ್ಧದಷ್ಟು ಖರ್ಚಾಗಿಬಿಡುತ್ತದೆ. ಅಂದರೆ ಕೈಯ ರಕ್ತದಲ್ಲಿ ನಾವು ಅಳೆಯುವುದು ಲಿವರ್ ತನ್ನ ಪಾಲು ತೆಗೆದುಕೊಂಡು ಉಳಿಸಿದ್ದನ್ನು. ಕೈಯಲ್ಲಿ ಕಾಣುವ ಸಣ್ಣ ಏರಿಕೆ ಲಿವರ್‌ನ ಬಾಗಿಲಲ್ಲಿ ಅಷ್ಟು ಸಣ್ಣದಾಗಿರುವುದಿಲ್ಲ. "ನೂರಕ್ಕೆ ಒಂದು ಪಾಲು, ಬಿಡಿ" ಅನ್ನುವವರು ಈ ವಿಷಯವನ್ನು ಮರೆಯುತ್ತಾರೆ.

ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಊಟ ಶುರುವಾದ ಆರಂಭದಲ್ಲಿ ಬರಬೇಕಾದ ಇನ್ಸುಲಿನ್ ಕುಗ್ಗಿಹೋಗುತ್ತದೆ, ಒಟ್ಟು ಇನ್ಸುಲಿನ್ ಇನ್ನೂ ಸಾಕಷ್ಟು ಇರುವಾಗಲೇ. ತಡವಾಗಿ ಬಂದ ಇನ್ಸುಲಿನ್ ಆಗಲೇ ಏರಿಹೋದ ಗ್ಲುಕೋಸ್ ಹಿಂದೆ ಓಡಬೇಕು, ಹಾಗಾಗಿ ಕೊನೆಗೆ ಜಾಸ್ತಿಯೇ ಬೇಕಾಗುತ್ತದೆ. ಊಟದ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಡಾಕ್ಟರು ಸಾಮಾನ್ಯವಾಗಿ ಊಟಕ್ಕೆ ಸ್ವಲ್ಪ ಮುಂಚೆ ತಗೊಳ್ಳಿ ಅನ್ನುವುದರ ಹಿಂದೆಯೂ ಇದೇ ಸಮಯದ ಲೆಕ್ಕ ಇದೆ. (ನಿಮ್ಮ ಡೋಸ್, ನಿಮ್ಮ ಸಮಯ ನಿಮ್ಮ ಡಾಕ್ಟರನ್ನೇ ಕೇಳಿ. ಇದನ್ನು ಓದಿ ಏನೂ ಬದಲಾಯಿಸಬೇಡಿ.)

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ರೋಮಾಂಚನ ತಂದ ಭಾಗಕ್ಕೆ ಬರ್ತೀನಿ. ನಾಲಿಗೆ ಗುರುತಿಸುವುದು ಸಿಹಿಯನ್ನೋ, ಸಕ್ಕರೆಯನ್ನೋ?

ಸಿಹಿ ರುಚಿ ಹಿಡಿಯುವ ರಿಸೆಪ್ಟರ್ 2001ರ ಸುಮಾರಿಗೆ ಪತ್ತೆಯಾಯಿತು. ಟಿ1ಆರ್2 ಮತ್ತು ಟಿ1ಆರ್3 ಅನ್ನುವ ಎರಡು ಪ್ರೋಟೀನುಗಳ ಜೋಡಿ ಅದು. ಸಕ್ಕರೆ ಬಂದರೂ ಅದಕ್ಕೆ ಸಿಹಿ, ಸ್ಯಾಕರಿನ್, ಸುಕ್ರಲೋಸ್ ಥರದ ಕೃತಕ ಸಿಹಿ ಬಂದರೂ ಸಿಹಿ. ಮುಂಗಡ ಇನ್ಸುಲಿನ್ ಕೂಡ ಇದರಿಂದಲೇ ಶುರುವಾಗುತ್ತದೆ ಅಂತ ಅಂದುಕೊಳ್ಳುವುದು ಸಹಜ. ಆದರೆ 2015ರಲ್ಲಿ ಜಾನ್ ಗ್ಲೆಂಡಿನಿಂಗ್ ಮತ್ತು ಸಂಗಡಿಗರು ಈ ರಿಸೆಪ್ಟರ್ ಕೆಲಸ ಮಾಡದ ಚಿಕ್ಕ ಜಾತಿಯ ಲ್ಯಾಬ್ ಇಲಿಗಳಿಗೆ ಸಕ್ಕರೆ ಕೊಟ್ಟು ನೋಡಿದರು. ಅವುಗಳಲ್ಲೂ ಮುಂಗಡ ಇನ್ಸುಲಿನ್ ಬಂತು! ಸಿಹಿಯ ರಿಸೆಪ್ಟರ್ ಇಲ್ಲದಿದ್ದರೂ ಬಾಯಿ ಸಕ್ಕರೆಯನ್ನು ಪತ್ತೆಹಚ್ಚಿತು.

2017ರಲ್ಲಿ ಅದೇ ತಂಡ ಇನ್ನೂ ಆಳಕ್ಕೆ ಇಳಿಯಿತು. ಒಂದೊಂದಾಗಿ ಬೇರೆಬೇರೆ ಸಿಹಿಗಳನ್ನು ಕೊಟ್ಟು ನೋಡಿದರೆ ಗ್ಲುಕೋಸ್‌ಗೆ ಇನ್ಸುಲಿನ್ ಬಂತು. ಗ್ಲುಕೋಸ್ ಅಡಗಿರುವ ಮಾಮೂಲಿ ಸಕ್ಕರೆಗೂ ಮಾಲ್ಟೋಸ್‌ಗೂ ಬಂತು. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್‌ಗೆ ಬರಲಿಲ್ಲ. ಸ್ಯಾಕರಿನ್‌ಗೆ, ಸುಕ್ರಲೋಸ್‌ಗೆ ಬರಲಿಲ್ಲ. ಆಮೇಲೆ ಅವರು ಸಕ್ಕರೆಯ ಜೊತೆ ಅಕಾರ್ಬೋಸ್ ಬೆರೆಸಿದರು. ಅಕಾರ್ಬೋಸ್ ಅಂದರೆ ಸಕ್ಕರೆ ಕಾಯಿಲೆಯವರು ನುಂಗುವ ಒಂದು ಮಾತ್ರೆ, ಸಕ್ಕರೆಯನ್ನು ಒಡೆದು ಗ್ಲುಕೋಸ್ ಮಾಡುವ ಕಿಣ್ವವನ್ನು ಅದು ತಡೆಯುತ್ತದೆ. ಅದನ್ನು ಬೆರೆಸಿದ ಕೂಡಲೇ ಸಕ್ಕರೆಗೆ ಬರುತ್ತಿದ್ದ ಮುಂಗಡ ಇನ್ಸುಲಿನ್ ನಿಂತುಹೋಯಿತು. ಅರ್ಥ ಆಯ್ತಲ್ವಾ? ಸಕ್ಕರೆ ಬಾಯಲ್ಲೇ ಒಡೆದು ಗ್ಲುಕೋಸ್ ಆಗುತ್ತಿದೆ, ಆ ಗ್ಲುಕೋಸೇ ಸುದ್ದಿ ಕಳಿಸುತ್ತಿದೆ.

ಹೇಗೆ ಕಳಿಸುತ್ತದೆ ಅನ್ನೋದು ಇನ್ನೂ ಚೆಂದ. ಬೀಟಾ ಕೋಶ ಗ್ಲುಕೋಸನ್ನು ಗುರುತಿಸುವ ರೀತಿ ಹೀಗಿದೆ: ಗ್ಲುಕೋಸ್ ಕೋಶದ ಒಳಗೆ ಹೋಗುತ್ತದೆ, ಅಲ್ಲಿ ಉರಿದು ಎಟಿಪಿ ಅನ್ನುವ ಕೋಶದ ಇಂಧನ ತಯಾರಾಗುತ್ತದೆ, ಎಟಿಪಿ ಹೆಚ್ಚಾದಾಗ ಕೋಶದ ಗೋಡೆಯಲ್ಲಿರುವ ಪೊಟ್ಯಾಸಿಯಂ ಬಾಗಿಲು ಮುಚ್ಚಿಕೊಳ್ಳುತ್ತದೆ, ಹೊರಹೋಗಬೇಕಾದ ಪೊಟ್ಯಾಸಿಯಂ ಒಳಗೇ ಉಳಿದು ಕೋಶದ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಆಗ ಕ್ಯಾಲ್ಸಿಯಂ ನುಗ್ಗುತ್ತದೆ, ಇನ್ಸುಲಿನ್ ಹೊರಗೆ ಬೀಳುತ್ತದೆ. ಇದೇ ಪೊಟ್ಯಾಸಿಯಂ ಬಾಗಿಲು ನಾಲಿಗೆಯ ರುಚಿಕೋಶಗಳಲ್ಲೂ ಇದೆ. ಆ ಬಾಗಿಲಿನ ಒಂದು ಭಾಗ ಇಲ್ಲದಂತೆ ಹುಟ್ಟಿಸಿದ ಇಲಿಗಳಲ್ಲಿ ಮುಂಗಡ ಇನ್ಸುಲಿನ್ ಬರಲಿಲ್ಲ, ಆದರೆ ಸಿಹಿಯ ಮೇಲಿನ ಆಸೆ ಮೊದಲಿನ ಹಾಗೇ ಇತ್ತು. ಬಾಗಿಲನ್ನು ಮುಚ್ಚಿಸುವ ಗ್ಲೈಬುರೈಡ್ ಅನ್ನು, ಅದೂ ಶುಗರ್ ಮಾತ್ರೆಯೇ, ಬಾಯಿಗೆ ಹಾಕಿದಾಗ ಮುಂಗಡ ಇನ್ಸುಲಿನ್ ಜಾಸ್ತಿಯಾಯಿತು. ಬಾಗಿಲನ್ನು ತೆರೆದಿಡುವ ಡಯಾಜಾಕ್ಸೈಡ್ ಹಾಕಿದಾಗ ಕಡಿಮೆಯಾಯಿತು. ಅಂದರೆ ಇಲಿಯ ನಾಲಿಗೆಯಲ್ಲಿ ಎರಡು ಬೇರೆ ವ್ಯವಸ್ಥೆ ಇವೆ. ಒಂದು "ಇದು ರುಚಿಯಾಗಿದೆ" ಅನ್ನುತ್ತದೆ. ಇನ್ನೊಂದು "ಇದರಲ್ಲಿ ಗ್ಲುಕೋಸ್ ಇದೆ" ಅನ್ನುತ್ತದೆ. ಈ ಎರಡನೆಯದು ಗ್ರಂಥಿಯ ಬೀಟಾ ಕೋಶ ಬಳಸುವ ಉಪಾಯವನ್ನೇ ಬಳಸುತ್ತದೆ. ದೇಹದ ಎರಡು ತುದಿಯಲ್ಲಿ ಒಂದೇ ಉಪಾಯ! ಮೊದಲ ಸಲ ಇದನ್ನು ಓದಿದಾಗ ಮತ್ತೆ ಮತ್ತೆ ಓದಿದ್ದೆ.

ಬಾಯಲ್ಲಿ ಒಡೆಯುವುದು ಸಕ್ಕರೆ ಮಾತ್ರ ಅಲ್ಲ, ಪಿಷ್ಟವೂ ಒಡೆಯುತ್ತದೆ. ನಮ್ಮ ಜೊಲ್ಲಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಆ ಕೆಲಸ ಮಾಡುತ್ತದೆ. ಅದು ಕೆಲವರಲ್ಲಿ ಧಾರಾಳ, ಕೆಲವರಲ್ಲಿ ಕಡಿಮೆ, ಯಾಕೆಂದರೆ ಅದರ ಜೀನಿನ ಪ್ರತಿಗಳ ಸಂಖ್ಯೆ ಒಬ್ಬೊಬ್ಬರಲ್ಲಿ ಒಂದೊಂದು ಥರ. 2012ರಲ್ಲಿ ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದ ಮ್ಯಾಂಡೆಲ್ ಮತ್ತು ಬ್ರೆಸ್ಲಿನ್ ಒಂದು ಅಧ್ಯಯನ ಪ್ರಕಟಿಸಿದರು. ಅಮೈಲೇಸ್ ಜಾಸ್ತಿ ಇರುವವರು ಪಿಷ್ಟವನ್ನು ಬೇಗ ಗ್ಲುಕೋಸ್ ಮಾಡುತ್ತಾರೆ, ಹಾಗಾಗಿ ಅವರ ರಕ್ತದ ಗ್ಲುಕೋಸ್ ಜಾಸ್ತಿ ಏರಬೇಕು ಅಂತ ಯಾರಾದರೂ ಊಹಿಸುತ್ತಾರೆ. ಆಗಿದ್ದು ಉಲ್ಟಾ. ಪಿಷ್ಟ ತಿಂದಾಗ ಅವರ ಗ್ಲುಕೋಸೇ ಕಡಿಮೆ ಇತ್ತು, ಮತ್ತು ಅವರಲ್ಲಿ ಇನ್ಸುಲಿನ್ ಮೊದಲ ಹತ್ತು ನಿಮಿಷದೊಳಗೇ ಏರಿತ್ತು. ಪಿಷ್ಟದ ಬದಲು ನೇರವಾಗಿ ಗ್ಲುಕೋಸ್ ಕೊಟ್ಟಾಗ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ಬಾಯಲ್ಲಿ ಬೇಗ ಒಡೆದರೆ ಸುದ್ದಿ ಬೇಗ ಹೋಗುತ್ತದೆ ಅನ್ನೋ ಮಾತಿಗೆ ಇದು ಚೆನ್ನಾಗಿ ಹೊಂದುತ್ತದೆ.

ಹಾಗಾದರೆ ಸಕ್ಕರೆ ಇಲ್ಲದ ಸಿಹಿಗಳ ಕಥೆ ಏನು? ಇಲಿಗಳಲ್ಲಿ ಕಂಡಷ್ಟು ಸ್ಪಷ್ಟ ಚಿತ್ರ ಮನುಷ್ಯರಲ್ಲಿ ಇಲ್ಲ. 1995ರಲ್ಲಿ ಟೆಫ್ ತಂಡ ಗಂಡಸರಿಗೆ ಆಸ್ಪರ್ಟೇಮ್, ಸ್ಯಾಕರಿನ್, ಸಕ್ಕರೆ ಕರಗಿಸಿದ ನೀರನ್ನು ಕೊಟ್ಟಾಗ ಯಾವುದಕ್ಕೂ ಇನ್ಸುಲಿನ್ ಏರಲಿಲ್ಲ, ಸಕ್ಕರೆ ನೀರಿಗೂ ಇಲ್ಲ. 2008ರಲ್ಲಿ ಜರ್ಮನಿಯ ಒಂದು ತಂಡ ಬಾಯಿ ಮುಕ್ಕಳಿಸಿ ಉಗಿಯಲು ಹೇಳಿದಾಗ ಸಕ್ಕರೆಗೂ ಏರಿತು, ಸ್ಯಾಕರಿನ್‌ಗೂ ಏರಿತು. ಉಪ್ಪು, ಹುಳಿ, ಕಹಿಗೆ ಏರಲಿಲ್ಲ. ಇಬ್ಬರೂ ಪ್ರಾಮಾಣಿಕವಾಗಿ ಅಳೆದವರೇ. ಅಳೆಯುತ್ತಿರುವುದು ಅಷ್ಟು ಸಣ್ಣ ಏರಿಕೆ, ಅದು ಕೆಲವೇ ನಿಮಿಷ ಇರುತ್ತದೆ, ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ, ಬರೀ ನೀರು ಕೊಟ್ಟಿದ್ದೀರೋ ಅಗಿಯುವ ತಿಂಡಿ ಕೊಟ್ಟಿದ್ದೀರೋ ಅನ್ನೋದರ ಮೇಲೂ ಹೋಗುತ್ತದೆ. ಅಗಿದು ಸವಿಯುವ ತಿಂಡಿಗೆ ಬರುವಷ್ಟು ನಂಬಿಕೆಯಾಗಿ ಬರೀ ಸಿಹಿನೀರಿಗೆ ಬರುವುದಿಲ್ಲ.

ಹಾಗಾಗಿ ಡಯಟ್ ಪಾನೀಯ ಕುಡಿದರೆ ಇನ್ಸುಲಿನ್ ಉಕ್ಕಿ ಹರಿದು ತೊಂದರೆ ಆಗುತ್ತದೆ ಅನ್ನುವ ಹೆದರಿಕೆಯನ್ನು ನಾನು ಒಪ್ಪುವುದಿಲ್ಲ. ಬಂದರೂ ಬರುವುದು ಆ ಪುಟ್ಟ ಏರಿಕೆ. ಇನ್ಸುಲಿನ್ ರಕ್ತದಲ್ಲಿ ಬದುಕುವುದೇ ಕೆಲವು ನಿಮಿಷ, ಅರ್ಧಕ್ಕೆ ಇಳಿಯಲು ನಾಲ್ಕರಿಂದ ಆರು ನಿಮಿಷ ಸಾಕು. ಕೃತಕ ಸಿಹಿಗಳ ಬಗ್ಗೆ ಬೇರೆ ಪ್ರಶ್ನೆಗಳಿರಬಹುದು, ಅವುಗಳನ್ನು ಬೇರೆಯಾಗಿಯೇ ಚರ್ಚಿಸೋಣ. ಮುಂಗಡ ಇನ್ಸುಲಿನ್ನನ್ನು ಗುಮ್ಮ ಮಾಡುವುದು ಬೇಡ. ಅದು ನಮ್ಮನ್ನು ಕಾಯುವ ವ್ಯವಸ್ಥೆ.

ಈ ವ್ಯವಸ್ಥೆ ಕಲಿಯುತ್ತದೆ ಕೂಡ. 1970ರ ದಶಕದಲ್ಲಿ ಸ್ಟೀಫನ್ ವುಡ್ಸ್ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದ್ದು ಇದನ್ನೇ. ಊಟದ ಜೊತೆ ಯಾವುದಾದರೂ ಗುರುತು ಮತ್ತೆ ಮತ್ತೆ ಜೋಡಿಯಾದರೆ, ಅದು ವಾಸನೆ ಆಗಬಹುದು, ದಿನದ ಒಂದು ಹೊತ್ತೇ ಆಗಬಹುದು, ಆಮೇಲೆ ಆ ಗುರುತೊಂದೇ ಇನ್ಸುಲಿನ್ ಏರಿಸಬಲ್ಲದು. ಹೊತ್ತುಹೊತ್ತಿಗೆ ಊಟ ಮಾಡಿ ಅಂತ ಹಿರಿಯರು ಹೇಳುವಾಗ ಅವರಿಗೆ ವೇಗಸ್ ನರ ಗೊತ್ತಿರಲಿಲ್ಲ. ಆದರೆ ಮಾತಿನಲ್ಲಿ ತೂಕ ಇದೆ.

ಕೆಟ್ಟುಹೋಗುವುದೂ ಉಂಟು. ತೂಕ ಜಾಸ್ತಿ ಇರುವವರಲ್ಲಿ ಮುಂಗಡ ಇನ್ಸುಲಿನ್ ಮಂಕಾಗಿರುವುದು ಕಂಡುಬಂದಿದೆ. 2022ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಮಾರ್ಕ್ ಡೊನಾಥ್ ಅವರ ತಂಡ ಇದಕ್ಕೆ ಒಂದು ಕಾರಣ ತೋರಿಸಿತು. ಇಂಟರ್‌ಲ್ಯೂಕಿನ್-1 ಬೀಟಾ ಅನ್ನುವುದು ಉರಿಯೂತದ ಅಣು, ಸಾಮಾನ್ಯವಾಗಿ ಸೋಂಕಿನ ಜೊತೆ ಅದರ ಹೆಸರು ಕೇಳುತ್ತೇವೆ. ಇಲಿಗಳಲ್ಲಿ ನೋಡಿದರೆ, ಊಟದ ಸುಳಿವು ಸಿಕ್ಕಾಗ ಮೆದುಳಿನಲ್ಲಿ ಇದು ಸ್ವಲ್ಪ ಹೊತ್ತು ಬಿಡುಗಡೆಯಾಗಿ ವೇಗಸ್ ನರವನ್ನು ಎಬ್ಬಿಸುವುದರಲ್ಲಿ ಕೈಜೋಡಿಸುತ್ತದೆ. ಬೊಜ್ಜಿನಲ್ಲಿ ಇದೇ ಅಣು ಸದಾ ಜಾಸ್ತಿಯಾಗಿರುತ್ತದೆ, ಆಗ ಮುಂಗಡ ಇನ್ಸುಲಿನ್ ಬರುವುದೇ ಇಲ್ಲ. ಬೇಕಾದಾಗ ಬೇಕಾದಷ್ಟು ಇದ್ದರೆ ಸಹಾಯ, ಯಾವಾಗಲೂ ಇದ್ದರೆ ಅಡ್ಡಿ.

ದಿನನಿತ್ಯಕ್ಕೆ ಇದರಿಂದ ಏನು? ದೊಡ್ಡ ಉಪದೇಶ ಏನಿಲ್ಲ. ಇಲಿಗಳಲ್ಲಿ ಗ್ಲುಕೋಸ್ ಬಾಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಮುಂಗಡ ಇನ್ಸುಲಿನ್ ಜಾಸ್ತಿ ಬಂದಿತ್ತು. ನಿಧಾನವಾಗಿ ಅಗಿದು ತಿನ್ನುವುದಕ್ಕೂ ಒಂದೇ ಗುಟುಕಿಗೆ ಸಿಹಿ ಪಾನೀಯ ಇಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಈಗ ಈ ಕಣ್ಣಿನಿಂದಲೂ ನೋಡುತ್ತೇನೆ. ಗುಟುಕರಿಸಿದಾಗ ಬಾಯಿಗೆ ಸುದ್ದಿ ಕಳಿಸಲು ಸಿಗುವುದು ಕೆಲವು ಕ್ಷಣ, ಅತ್ತ ಹೊಟ್ಟೆಗೆ ಮೂವತ್ತು ಗ್ರಾಂ ಸಕ್ಕರೆ ಒಟ್ಟಿಗೆ ಇಳಿದಿರುತ್ತದೆ.

ಮತ್ತೆ ಇನ್ಸುಲಿನ್ ಪಂಪ್ ಬಳಸುವವರ ವಿಷಯ. ಚರ್ಮದ ಕೆಳಗೆ ಕೂರುವ ಸೆನ್ಸರ್ ಕೆಲವು ನಿಮಿಷಕ್ಕೊಮ್ಮೆ ಗ್ಲುಕೋಸ್ ಓದುತ್ತದೆ, ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಪಂಪ್ ಇನ್ಸುಲಿನ್ ಬಿಡುತ್ತದೆ. ಇಂಥ ಮೊದಲ ವ್ಯವಸ್ಥೆಗೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು. ರಾತ್ರಿ ಮಲಗಿರುವಾಗ ಅದು ತಾನೇ ಎಲ್ಲ ನೋಡಿಕೊಳ್ಳುತ್ತದೆ. ಊಟದ ಹೊತ್ತಿಗೆ ಮಾತ್ರ, ನಾನೀಗ ಇಷ್ಟು ತಿನ್ನುತ್ತೇನೆ ಅಂತ ಮನುಷ್ಯರೇ ಮುಂಚಿತವಾಗಿ ಗುಂಡಿ ಒತ್ತಿ ತಿಳಿಸಬೇಕು. ಸೆನ್ಸರ್‌ಗೆ ಗೊತ್ತಾಗುವುದು ಗ್ಲುಕೋಸ್ ಏರಿದ ಮೇಲೆ, ಚರ್ಮದ ಕೆಳಗೆ ಬಿಟ್ಟ ಇನ್ಸುಲಿನ್ ಕೆಲಸ ಶುರುಮಾಡುವುದು ಇನ್ನೂ ತಡವಾಗಿ. ಆ ಯಂತ್ರಕ್ಕೆ ಎಲ್ಲ ಇದೆ, ನಾಲಿಗೆಯಿಂದ ಬರುವ ಸುದ್ದಿ ಇಲ್ಲ. ಆ ಸುದ್ದಿಯನ್ನು ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಊಟಕ್ಕೂ ಮುಂಚೆ, ಅದನ್ನು ಕಟ್ಟಿಕೊಂಡವರೇ ಬೆರಳಿನಿಂದ ಒತ್ತಿ ಕೊಡುತ್ತಿದ್ದಾರೆ.